ತೊಂಬತ್ತೆಂಟು, ನೂರು

ಕುಟ್ಠಾಳಿಯ ಐಸ್ ಫ್ಯಾಕ್ಟರಿಯ ಹಿಂದೆ
ಒಂದು ಟ್ರಾನ್ಸ್‌ಫಾರ್ಮರ್ ಇದೆ.
ಹಗಲೂ ರಾತ್ರಿ ಒಂದೇ ಸ್ವರ ಹಿಡಿದು ಕೂತಿರುತ್ತದೆ,
ಪದ ಮರೆತ ಭಜನೆಯವನ ಹಾಗೆ.
ಅದರ ಬೇಲಿಗೆ ಒರಗಿಯೇ ನಾನು
ಬೇಸ್ ಗಿಟಾರಿನ ಕಿವಿ ಹಿಂಡುವುದು.

ಟ್ಯೂನರ್ ಇರಲಿಲ್ಲವೆಂದಲ್ಲ.
ಅದರ ಸೆಲ್ಲು ತೆಗೆದು ಮಗಳ ಗಡಿಯಾರಕ್ಕೆ ಹಾಕಿದೆ,
ಪರೀಕ್ಷೆ ಇತ್ತು ಅವಳಿಗೆ.

ಗಿಟಾರೂ ಅಷ್ಟೆ, ಕುತ್ತಿಗೆ ಒಂದರದು, ಮೈ ಇನ್ನೊಂದರದು.
ದಾಬೋಳಿಯ ಗುಜರಿಯಲ್ಲಿ
ಫ್ಯಾನಿನ ರೆಕ್ಕೆಗಳ ನಡುವೆ ಸಿಕ್ಕಿತು.
ಪಿಕಪ್ಪಿನ ಸುರುಳಿ ಸತ್ತಿತ್ತು.
ನಾನು ಮೋಟರು ಸುತ್ತುವವನು, ಬಿಡುತ್ತೇನೆಯೇ?
ಕೂದಲಿಗಿಂತ ತೆಳ್ಳನೆಯ ತಾಮ್ರ,
ಹೊಲಿಗೆ ಮಷೀನಿನ ಚಕ್ರ, ಎಂಟು ಸಾವಿರ ಸುತ್ತು.
ಏಳು ಸಾವಿರ ದಾಟಿ ಎಲ್ಲೋ ಎಣಿಕೆ ತಪ್ಪಿತು,
ಹೆಂಡತಿ ಊಟಕ್ಕೆ ಕರೆದದ್ದು ಆಗಲೇ.
ಇವತ್ತಿಗೂ ದಪ್ಪ ತಂತಿ ಕೊಂಚ ಗೊಗ್ಗರು.
ಅವತ್ತಿನ ಜುಣಕದ ರುಚಿ ಅದರಲ್ಲಿದೆ.

ಹೊಸ ತಂತಿ ಅಂದರೆ ಮೂರು ದಿನದ ದುಡಿಮೆ.
ಹಳೆಯವನ್ನೇ ಬಿಚ್ಚಿ ಪಾತ್ರೆಯಲ್ಲಿ ಕುದಿಸುತ್ತೇನೆ.
"ಏನ್ ಯಮನೂರ, ಶಾವಿಗಿ ಮಾಡಾಕತ್ತೀಯೇನ?"
ಅನ್ನುತ್ತಾಳೆ ಅವ್ವ.
ನೀರು ಬೂದಿಬಣ್ಣಕ್ಕೆ ತಿರುಗುತ್ತದೆ:
ಆರು ಮದುವೆ, ಎರಡು ಫೆಸ್ತು,
ಮತ್ತೆ ಆ ಚಿಕಾಳಿಯ ಗಲಾಟೆ.

ಟ್ರಂಪೆಟ್ಟಿನ ಆಗ್ನೆಲ್ ಬ್ಯಾಂಕಿನಲ್ಲಿ ನೋಟು ಎಣಿಸುತ್ತಾನೆ.
ಸಿಕ್ಲೇತ್ ದೋಣಿಗಳಿಗೆ ಡೀಸೆಲ್ ತುಂಬಿ
ಅದೇ ಕೈಯಲ್ಲಿ ಡ್ರಮ್ಮಿಗೆ ಕೂರುತ್ತಾನೆ.
ಬ್ಲಾಸಿನಾಗೆ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ ಬಿದ್ದರೆ
ನಮ್ಮದು ಹಾಡೇ ಇಲ್ಲದ ಬ್ಯಾಂಡು.

"ಶಾರ್ಪ್ ಇದ್ದೀ ರೇ ಯಮು," ಪ್ರತಿ ಸಲ ಆಗ್ನೆಲ್.
ಹೌದು. ನಾನು ಸೇರಿದ್ದು ಕರೆಂಟಿಗೆ.
ಲೆಕ್ಕ ಹೇಳಿದೆ:
ನನ್ನ ತೆಳು ತಂತಿ ಸೆಕೆಂಡಿಗೆ
ತೊಂಬತ್ತೆಂಟು ಸಲ ನಡುಗಬೇಕು,
ಸರ್ಕಾರದ ಡಬ್ಬಿ ನೂರು ಸಲ.
ಸರಿಯಾಗಿ ಇಳಿಸಿದರೆ ಎರಡರ ನಡುವೆ
ಒಂದು ಅಲೆ ಏಳುತ್ತದೆ, ವೋಂ ವೋಂ,
ಸೆಕೆಂಡಿಗೆ ಎರಡು.

ಸಿಕ್ಲೇತ್ ಬೀಡಿ ಕೆಳಗಿಟ್ಟು ಕೇಳಿದ.
"ಇದು ನಮ್ಮ ಮೊದಲ ಡಾನ್ಸಿನ ನಡೆಯಲ್ಲವಾ!"
ಅಂದಿನಿಂದ ಆ ಸ್ವರಕ್ಕೆ ಪೂರ್ತಿ ಸೇರುವುದಿಲ್ಲ ನಾನು.
ಅಲೆ ಕೇಳುವಷ್ಟು ದೂರ ಉಳಿಸಿ
ಬಿರಡೆಯಿಂದ ಕೈ ತೆಗೆಯುತ್ತೇನೆ.

ವೇರ್ಣೆಯ ಮದುವೆಗೆ ಬಸ್ಸಿನಲ್ಲೇ ಹೋದೆ.
ಆಂಪ್ಲಿಫೈಯರಿಗೆ ಕಂಡಕ್ಟರ್ ಫುಲ್ ಟಿಕೆಟ್ ಹರಿದ,
ಹಾಗಾದರೆ ಕಿಟಕಿ ಪಕ್ಕ ಅದೇ ಕೂರಲಿ ಅಂದೆ.
ಹಾಲಿನಲ್ಲಿ ವರನ ಮಾವ ಬಂದು
ತಂತಿಗಳನ್ನು ಬೆರಳಲ್ಲಿ ಎಣಿಸಿದ:
"ನಾಲ್ಕೇ? ಉಳಿದೆರಡು ಯಾವಾಗ ಹಾಕಿಸ್ತೀ?"

ಮೂರನೇ ಹಾಡಿನ ನಡುವೆ ಕರೆಂಟು ಹೋಯಿತು.

ಟ್ರಂಪೆಟ್ಟಿಗೇನು, ಉಸಿರಿದ್ದರೆ ಸಾಕು.
ಡ್ರಮ್ಮು ನಿಲ್ಲಲಿಲ್ಲ. ಕಾಲುಗಳೂ ನಿಲ್ಲಲಿಲ್ಲ.
ಬ್ಲಾಸಿನಾ ಮೈಕು ಕೆಳಗಿಟ್ಟು
ವಾರ್ಡಿನ ಆ ತುದಿಗೆ ಕೂಗುವ ಗಂಟಲು ತೆಗೆದಳು.
ಜನರೇಟರಿನ ಹುಡುಗ ಊಟಕ್ಕೆ ಕೂತಿದ್ದ.
"ಎಲೆಕ್ಟ್ರಿಷಿಯನ್ ಯಾರಾದರೂ ಇದ್ದೀರಾ?"
ಕತ್ತಲಲ್ಲಿ ಯಾರೋ ಕೇಳಿದರು.

ಇದ್ದೆ. ಆರು ಅಡಿ ದೂರದಲ್ಲೇ ಇದ್ದೆ.
ಹಾಡು ಮುಗಿದಿರಲಿಲ್ಲ.
ಬೆರಳು ಹೋಗುತ್ತಲೇ ಇತ್ತು ಒಂದರ ಮೇಲೊಂದು,
ಮರ ನನ್ನ ಪಕ್ಕೆಲುಬಿಗೆ ಮಾತ್ರ ಗುಂಯ್‌ಗುಟ್ಟುತ್ತಿತ್ತು.
ಯಾರದೋ ಮೊಬೈಲಿನ ಬೆಳಕು ನನ್ನ ಕೈಮೇಲೆ ಬಿತ್ತು.
ನೋಡಿದರೆ ಸಿಕ್ಲೇತ್
ನನ್ನ ಮುಖವನ್ನಲ್ಲ, ಬಲಗೈ ಬೆರಳುಗಳನ್ನೇ
ಕಣ್ಣಿಟ್ಟು ನೋಡುತ್ತ ಬಾರಿಸುತ್ತಿದ್ದಾನೆ.

ಕರೆಂಟು ಬಂದಾಗ
ತಪ್ಪು ಮನೆಯ ಮೇಲಿತ್ತು ನನ್ನ ಬೆರಳು.
ಹಾಲಿನ ಗಾಜುಗಳೆಲ್ಲ ಒಮ್ಮೆ ಅದುರಿದವು,
ವರನ ಮಾವ ತಿರುಗಿ ನೋಡಿದ,
ಮೊದಲ ಸಲ.